ಮೊದಲ ಸ್ಥಾನದ ಹುಡುಗಿ, ಟ್ಯೂಬಾ ಬಿಡದ ಹುಡುಗ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತರಗತಿಗೆ ಮೊದಲಿಗರಾಗುವವರ ಕಥೆ ಹೇಳಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಸಂಜೆ ಕ್ಲಾಸಿನಲ್ಲಿ ತೂಕಡಿಸುತ್ತಾ ಓದಿ, ಹೇಗೋ ಪಾಸಾದವರ ಪೈಕಿ ನಾನು. ಪ್ರೀತಿಯ ವಿಷಯದಲ್ಲಂತೂ ಇನ್ನೂ ಹಿಂದಿನ ಬೆಂಚೇ! ಆದರೆ ನೋವಾಕ್ ಕ್ರಾಸಿಂಗ್ ಎಂಬ ಈ ಪುಟ್ಟ ಊರಿನಲ್ಲಿ ಇಷ್ಟು ವರ್ಷ ಇದ್ದು, ಅವರಿಬ್ಬರನ್ನೂ ಕಣ್ಣಾರೆ ಕಂಡು, ಹೇಳದೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಎಲ್ಲಾದರೂ ತಪ್ಪಿದರೆ ಆ ತಪ್ಪು ನನ್ನದು, ಅವರದಲ್ಲ.

ಅದು ಟೆಕ್ಸಸ್‌ನ ಆಗಸ್ಟ್ ತಿಂಗಳು. ಹೈಸ್ಕೂಲಿನ ಪಾರ್ಕಿಂಗ್ ಜಾಗದ ಡಾಂಬರು ಕಾದ ಕಾವಲಿಯಾಗಿತ್ತು. ಅದರ ಮೇಲೆ ಫುಟ್‌ಬಾಲ್ ಮೈದಾನದ ಹಾಗೆ ಗೆರೆ ಬಳಿದು, ಶಾಲೆಯ ಬ್ಯಾಂಡಿನ ಮಕ್ಕಳು ಹೊಸ ಶಾಲಾ ವರ್ಷದ ನಡಿಗೆ ಕಲಿಯುತ್ತಿದ್ದರು.

ನೊಯೆಮಿ ಸಲ್ದಾನ್ಯ ಕ್ಲಾರಿನೆಟ್ ಹಿಡಿದು ತನ್ನ ಗುರುತಿನ ಮೇಲೆ ನೆಟ್ಟಗೆ ನಿಂತಿದ್ದಳು. ಹನ್ನೊಂದನೇ ತರಗತಿ ಶುರುವಾಗಲು ಇನ್ನು ಕೆಲವೇ ದಿನ.

"ಎಡಕ್ಕೆ ತಿರುಗಿ!" ಮೇಷ್ಟ್ರು ಕೂಗಿದರು.

ಎಲ್ಲರೂ ಎಡಕ್ಕೆ ತಿರುಗಿದರು. ಒಬ್ಬ ಮಾತ್ರ ಬಲಕ್ಕೆ ತಿರುಗಿದ.

ಢಣ್!

ಅವನ ಮೈಗೆ ಸುತ್ತಿಕೊಂಡಿದ್ದ ದೊಡ್ಡ ಹಿತ್ತಾಳೆ ವಾದ್ಯ ಟ್ಯೂಬಾದ ಅಗಲ ಬಾಯಿ ಅವಳ ತಲೆಗೆ ಬಡಿಯಿತು. ಟೋಪಿ ಹಾರಿ ಎಲ್ಲೋ ಬಿತ್ತು.

"ಕಣ್ಣು ಕಾಣಲ್ವೇನೋ ನಿಂಗೆ?"

"ಕಾಣುತ್ತೆ. ಆದ್ರೆ ತಾನು ಎಲ್ಲಿ ಮುಗೀತೀನಿ ಅಂತ ಈ ಟ್ಯೂಬಾಗೇ ಗೊತ್ತಿಲ್ಲ..." ಅವನು ಗಾಬರಿಯಿಂದ ಬಗ್ಗಿದ. ಬಗ್ಗಿದಾಗ ಟ್ಯೂಬಾ ಇನ್ನೊಬ್ಬನಿಗೆ ತಾಗಿತು. "ಅಯ್ಯೋ! ಸಾರಿ, ಸಾರಿ. ಪೆಟ್ಟಾಯ್ತಾ?"

"ಇಲ್ಲ. ಸಂಗೀತ ಕೇಳಿಸ್ತು!"

ಅವನು ನಕ್ಕುಬಿಟ್ಟ. ಬೆವರಿನಲ್ಲಿ ಹಣೆಗೆ ಅಂಟಿದ ಕೂದಲು, ಬಿಸಿಲಿಗೆ ಕೆಂಪಾದ ಮೂಗು, ನಾಚಿಕೆಯೇ ಇಲ್ಲದ ನಗು... ನೊಯೆಮಿಗೆ ಮೈಯೆಲ್ಲ ಉರಿಯಿತು. ಆದರೂ ಆ ನಗುವಿನಿಂದ ಕಣ್ಣು ಕೀಳಲು ಅರೆಗಳಿಗೆ ತಡವಾಯಿತು.

ಪಕ್ಕದಲ್ಲಿದ್ದ ಗೆಳತಿ ಟೆಸ್ಸಾ ಕಿವಿಯಲ್ಲಿ ಪಿಸುಗುಟ್ಟಿದಳು: "ಹೂಸ್ಟನ್ನಿಂದ ಬಂದಿದ್ದಾನೆ ಕಣೇ, ಹೊರಾಕ್ ಬೇಕರಿ ಅಜ್ಜನ ಮೊಮ್ಮಗ. ಹೆಸರು ಎಮಿಲ್. ಅವನ ಮಾರ್ಕ್ಸೂ ಅವನ ಜೊತೇಲೇ ಬಂದಿದೆ. ರ‍್ಯಾಂಕ್ ಹೊಸದಾಗಿ ಹಾಕಿದ್ದಾರಂತೆ. ಅವನೇ ಫಸ್ಟು!"

"ಹಾಗಾದ್ರೆ ನಾನು?"

"ನಾಕರಲ್ಲಿದ್ಯಲ್ಲ? ಈಗ ಐದು."

ನೊಯೆಮಿ ಟೋಪಿ ಎತ್ತಿಕೊಂಡು ಧೂಳು ಕೊಡವಿದಳು. ತಲೆಗೆ ಬಿದ್ದದ್ದಕ್ಕಿಂತ ಇದು ದೊಡ್ಡ ಪೆಟ್ಟು!

*

ಅವಳಿಗೆ ಮೊದಲ ಸ್ಥಾನ ಯಾಕೆ ಬೇಕಿತ್ತು?

ಒಂಬತ್ತನೇ ತರಗತಿಯಲ್ಲಿ ಅವಳು ಇಪ್ಪತ್ತರ ಆಚೆ ಎಲ್ಲೋ ಇದ್ದಳು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬಂದವಳು. ಹನ್ನೆರಡನೇ ತರಗತಿಯ ಕೊನೆಯಲ್ಲಿ ಮೊದಲಿಗರಾದವರು ವ್ಯಾಲಿಡಿಕ್ಟೋರಿಯನ್. ಫುಟ್‌ಬಾಲ್ ಮೈದಾನದಲ್ಲಿ, ಊರೆಲ್ಲ ಸೇರಿದಾಗ, ಬೀಳ್ಕೊಡುಗೆಯ ಮಾತು ಆಡುವವರು ಅವರೇ. ಅವರ ತಂದೆತಾಯಿಗೆ ಹುಲ್ಲಿನ ಮೇಲೆ, ಎಲ್ಲರಿಗಿಂತ ಮುಂದೆ, ಕುರ್ಚಿ ಹಾಕುತ್ತಾರೆ.

ಆ ಕುರ್ಚಿಯ ಮೇಲೆ ಅವಳ ಕಣ್ಣು.

ಅಮ್ಮ ಆ ಶಾಲೆಯ ಅಡುಗೆಮನೆಯಲ್ಲೇ ಕೆಲಸ ಮಾಡುತ್ತಿದ್ದಳು, ಅವಳಿಗೆ ಶಾಲೆಯ ಭಯವಿರಲಿಲ್ಲ. ಆದರೆ ಅಪ್ಪ... ಹತ್ತಿ ಜಿನ್ನಿನ ಲಾರಿ ಓಡಿಸುವ ರೊಗೆಲಿಯೊ ಸಲ್ದಾನ್ಯ ಮಗಳ ಯಾವ ಕಾರ್ಯಕ್ರಮಕ್ಕೂ ಒಳಗೆ ಬಂದವನಲ್ಲ. "ನಾನು ಇಲ್ಲೇ ಇರ್ತೀನಿ ಮಗಾ, ನೀನು ಹೋಗು," ಎಂದು ಪಿಕಪ್ಪಿನಲ್ಲೇ ಕೂತಿರುತ್ತಿದ್ದ. ಪ್ರತಿಸಲವೂ! ಬ್ಯಾಂಡಿನ ಕಛೇರಿ ಆದರೆ ಕಿಟಕಿ ಗಾಜು ಇಳಿಸಿ ಹೊರಗಿನಿಂದಲೇ ಕೇಳುತ್ತಿದ್ದ.

'ಮುಂದಿನ ಸಾಲಿನಲ್ಲಿ ಹೆಸರು ಬರೆದ ಕುರ್ಚಿ ಇದ್ದರೆ, ಆಗಲಾದರೂ ಇಳಿದು ಬರಲೇಬೇಕಲ್ಲ?'

ಇಷ್ಟೇ ಅವಳ ಆಸೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬನಿಗೆ... ಅವನು ಯಾರೆಂದು ನೀವು ಊಹಿಸಿಯೇ ಇರುತ್ತೀರಿ.

ಭೌತಶಾಸ್ತ್ರದ ಕ್ಲಾಸಿನಲ್ಲಿ ಎಮಿಲ್ ಅವಳ ಜೋಡಿಯಾಗಿ ಬಂದ. ಮೊದಮೊದಲು ಉರಿಮುಖ. ಆಮೇಲೆ ಜಗಳ. ಆಮೇಲೆ ಶಾಲೆ ಬಿಟ್ಟ ಮೇಲೆ ಅಜ್ಜನ ಬೇಕರಿಯ ಹಿಂದಿನ ಮೇಜಿನ ಮೇಲೆ ಇಬ್ಬರ ಪುಸ್ತಕಗಳೂ ಒಟ್ಟಿಗೆ.

"ಒಂದು ಸಾಸೇಜ್ ಕೊಲಾಚೆ ಕೊಡು," ಎನ್ನುತ್ತಿದ್ದಳು ಬೇಕೆಂದೇ.

"ಎಷ್ಟು ಸಲ ಹೇಳ್ಬೇಕು ಮಾರಾಯ್ತಿ? ಬನ್ನಿಗೆ ಹಣ್ಣು ತುಂಬಿದ್ರೆ ಮಾತ್ರ ಕೊಲಾಚೆ. ಮಾಂಸ ಹಾಕಿದ್ದಕ್ಕೆ ಬೇರೆ ಹೆಸರಿದೆ. ಅಜ್ಜ ಕೇಳಿಸ್ಕೊಂಡ್ರೆ ಇಬ್ಬರನ್ನೂ ಓಡಿಸ್ತಾನೆ!"

"ನಿಮ್ಮಜ್ಜನಿಗೆ ನಾನಂದ್ರೆ ಇಷ್ಟ."

"ಅವನಿಗೊಬ್ಬನಿಗೇ ಅಂದ್ಕೊಂಡ್ಯಾ?"

ಎಂದವನೇ ಕೆಂಪಾಗಿ, ಬನ್ನಿನ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟ. ನೊಯೆಮಿ ಪುಸ್ತಕದ ಹಿಂದೆ ಮುಖ ಅಡಗಿಸಿ ನಕ್ಕಳು. ಎದೆಯೊಳಗೆ ಏನೋ ಮೆತ್ತಗೆ ಬಡಿದುಕೊಳ್ಳುತ್ತಿತ್ತು...

ಎಮಿಲ್‌ನಿಗೆ ಎಲ್ಲ ವಿಷಯವೂ ಸುಲಭ. ಆದರೆ ಅವನ ಜೀವ ಇದ್ದದ್ದು ಟ್ಯೂಬಾದಲ್ಲಿ. ಶನಿವಾರ ಊರಿನ ಚೆಕ್ ಮೂಲದ ಜನರ ಸಭಾಂಗಣದಲ್ಲಿ ಚಿಕ್ಕಪ್ಪನ ಪೋಲ್ಕಾ ಕುಣಿತದ ವಾದ್ಯತಂಡದ ಜೊತೆ ನುಡಿಸುತ್ತಿದ್ದ, ಮುದುಕ ಮುದುಕಿಯರೆಲ್ಲ ಎದ್ದು ಕುಣಿಯುತ್ತಿದ್ದರು. "ನಮ್ಮಪ್ಪನ ಅಕಾರ್ಡಿಯನ್ ಹಾಡೂ ಇದೇ ತಾಳ ಕಣೋ!" ಎಂದು ನೊಯೆಮಿ ಅಚ್ಚರಿಪಟ್ಟಿದ್ದಳು.

ಅವನ ಜೊತೆ ಓದುತ್ತಾ ಓದುತ್ತಾ ಅವಳು ಐದರಿಂದ ಮೂರಕ್ಕೆ ಬಂದಳು. ವರ್ಷದ ಕೊನೆಗೆ ಎರಡಕ್ಕೆ.

ಈಗ ಮುಂದೆ ಇದ್ದವನು ಅವನೊಬ್ಬನೇ.

*

ಹನ್ನೆರಡನೇ ತರಗತಿ ಶುರುವಾದ ಕೆಲವೇ ದಿನಕ್ಕೆ, ಮಕ್ಕಳಿಗೆ ಸಲಹೆ ಹೇಳುವ ಮಿಸೆಸ್ ಟಿಡ್ವೆಲ್ ಅವಳನ್ನು ಕೋಣೆಗೆ ಕರೆದರು.

"ನೊಯೆಮಿ ಪುಟ್ಟಾ, ನಿಂಗೆ ಫಸ್ಟ್ ಬರೋ ಮನಸ್ಸಿದ್ಯಾ, ಇಲ್ವಾ?"

"ಇದೆ ಮೇಡಂ."

"ಹಾಗಾದ್ರೆ ಇನ್ನೂ ಬ್ಯಾಂಡಲ್ಲಿ ಏನ್ ಮಾಡ್ತಿದೀಯ?"

ನೊಯೆಮಿಗೆ ಅರ್ಥವಾಗಲಿಲ್ಲ. "ಬ್ಯಾಂಡಲ್ಲಿ ನಂಗೆ ನೂರಕ್ಕೆ ನೂರು ಬರುತ್ತಲ್ಲ?"

"ಅದೇ ತೊಂದ್ರೆ! ಕಾಲೇಜು ಮಟ್ಟದ ಕ್ಲಾಸಲ್ಲಿ ನೂರು ತಗೊಂಡ್ರೆ ಹತ್ತು ಸೇರಿಸಿ ನೂರಾಹತ್ತು ಅಂತ ಹಿಡೀತಾರೆ. ಬ್ಯಾಂಡಿನ ನೂರು ಬರೀ ನೂರೇ. ಅದು ನಿನ್ನ ಸರಾಸರಿನ ಕೆಳಕ್ಕೆ ಎಳೀತಿದೆ. ಮೇಲಿರೋರೆಲ್ಲ ಕೊನೇ ವರ್ಷ ಬ್ಯಾಂಡ್ ಬಿಡೋದು ಸುಮ್ನೇನಾ? ಆ ಹೊತ್ತಿಗೆ ಕಾಲೇಜು ಮಟ್ಟದ ಪರಿಸರ ವಿಜ್ಞಾನ ತಗೋ."

'ತುಂಬ ಚೆನ್ನಾಗಿ ಮಾಡಿದ ತಪ್ಪಿಗೆ ಕೆಳಗಿಳಿಯಬೇಕಾ? ಇದೆಂಥ ಲೆಕ್ಕ ದೇವರೇ!'

ಆದರೆ ಲೆಕ್ಕ ಲೆಕ್ಕವೇ. ಅಂದು ಸಂಜೆ ಅವಳು ಕ್ಲಾರಿನೆಟ್ಟನ್ನು ಒರೆಸಿ, ತುಂಡುತುಂಡಾಗಿ ಬಿಡಿಸಿ, ಪೆಟ್ಟಿಗೆಯಲ್ಲಿಟ್ಟು ಬ್ಯಾಂಡಿನ ಕೋಣೆಗೆ ಮರಳಿಸಿದಳು. ಅದು ಶಾಲೆಯದು.

ಎಮಿಲ್‌ಗೆ ಹೇಳಲಿಲ್ಲ.

ಹೇಳಲು ಬೇಕರಿಯ ತನಕ ಹೋದಳು, ಬಾಗಿಲಿಂದಲೇ ಹಿಂದಿರುಗಿದಳು. 'ಹೇಳಿದರೆ ಅವನಿಗೂ ಈ ಲೆಕ್ಕ ಹೊಳೆಯುತ್ತದೆ. ಅವನೂ ಬಿಡುತ್ತಾನೆ. ಆಗ ನಾನು ಎರಡರಲ್ಲೇ...' ಈ ಯೋಚನೆ ಬಂದ ಕೂಡಲೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಹೇಳಲಿಲ್ಲ!

ಮರುದಿನವೇ ಶುಕ್ರವಾರ. ಊರಿಗೆ ಊರೇ ಫುಟ್‌ಬಾಲ್ ಪಂದ್ಯಕ್ಕೆ ಸೇರಿತ್ತು. ನಡುವಿನ ವಿರಾಮದಲ್ಲಿ ಬ್ಯಾಂಡು ಮೈದಾನಕ್ಕೆ ಇಳಿಯಿತು. ಮೊದಲ ಬಾರಿಗೆ ನೊಯೆಮಿ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

ಬ್ಯಾಂಡಿನ ನಡಿಗೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗ. ಅದನ್ನು ಬೇಸಿಗೆಯಲ್ಲೇ ಬರೆದಿಡುತ್ತಾರೆ. ನಡುವೆ ಒಬ್ಬರು ಬಿಟ್ಟರೆ ಬದಲಿಸಲು ಹೊತ್ತಿರುವುದಿಲ್ಲ. ಇಡೀ ಬ್ಯಾಂಡು ದೊಡ್ಡ ಬಿಲ್ಲಿನಂತೆ ಬಾಗಿತು... ಆ ಬಿಲ್ಲಿನಲ್ಲಿ, ಟ್ಯೂಬಾಗಳ ಪಕ್ಕದಲ್ಲಿ, ಒಬ್ಬರು ನಿಲ್ಲುವಷ್ಟು ಜಾಗ ಖಾಲಿ.

ಹಲ್ಲು ಬಿದ್ದ ಬಾಯಿಯ ಹಾಗೆ.

ಪಕ್ಕದವರು ಸರಿದು ಅದನ್ನು ಮುಚ್ಚಬಹುದಿತ್ತು. ಪಕ್ಕದಲ್ಲಿದ್ದವನು ಎಮಿಲ್. ಅವನು ಸರಿಯಲಿಲ್ಲ.

ಪಂದ್ಯ ಮುಗಿದ ಮೇಲೆ ಅವನು ಅವಳನ್ನು ಹುಡುಕಿಕೊಂಡು ಬಂದ. ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಹೇಳ್ಬಹುದಿತ್ತು."

"ಎಮಿಲ್..."

"ಒಂದು ಮಾತು. ಬರೀ ಒಂದು ಮಾತು! ಬೆಳಿಗ್ಗೆ ಅಭ್ಯಾಸದಿಂದ ನಿನ್ನ ಜಾಗ ಬಿಟ್ಕೊಂಡೇ ನಿಂತಿದೀನಿ, ಹುಷಾರಿಲ್ವೇನೋ ಅಂತ. ಮೇಷ್ಟ್ರು ಹೇಳಿದ್ಮೇಲೆ ಗೊತ್ತಾಯ್ತು. ಯಾಕೆ ಹೇಳ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಅದು ಬರಲಿಲ್ಲ.

"ಹೇಳಿದ್ರೆ... ನೀನೂ ಬಿಡ್ತಿದ್ದೆ."

ಅವನು "ಓ," ಎಂದ. "ಲೆಕ್ಕ."

ಅಷ್ಟೇ. ಟ್ಯೂಬಾ ಹೊತ್ತುಕೊಂಡು ಹೊರಟುಹೋದ.

*

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳಲಿ? ದಿನದ ಕೊನೆಯ ಕ್ಲಾಸು ಅವಳಿಗೆ ಪರಿಸರ ವಿಜ್ಞಾನ. ಅದೇ ಹೊತ್ತಿಗೆ ಓಣಿಯ ಆಚೆ ತುದಿಯಿಂದ ಬ್ಯಾಂಡಿನ ಸದ್ದು ಬರುತ್ತಿತ್ತು. ಅವಳು ನೋಡುತ್ತಿದ್ದದ್ದು ಕೆರೆಗಳ ಆಮ್ಲದ ಪಟ್ಟಿ, ಬೆರಳುಗಳು ಮಾತ್ರ ಮೇಜಿನ ಮೇಲೆ ಕ್ಲಾರಿನೆಟ್ಟಿನ ತೂತು ಮುಚ್ಚಿ ತೆರೆದು ಮಾಡುತ್ತಿದ್ದವು.

ಎಮಿಲ್ ಎದುರಾದರೆ "ಹಾಯ್" ಎನ್ನುತ್ತಿದ್ದ. ಆ ಒಂದು ಪದ ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಅವಳು ಬೇಕರಿಗೆ ಹೋಗುವುದನ್ನು ಬಿಟ್ಟಳು. ಓದಿದಳು. ಓದುವುದೊಂದೇ ಉಳಿದಿತ್ತು.

ವಸಂತದಲ್ಲಿ ಕೊನೆಯ ರ‍್ಯಾಂಕ್ ಹೊರಬಂತು. ನೊಯೆಮಿ ಸಲ್ದಾನ್ಯ, ಒಂದು. ಎಮಿಲ್ ಹೊರಾಕ್, ಎರಡು. ನಡುವಿನ ಅಂತರ ಕೂದಲೆಳೆಯಷ್ಟು.

ಊಟದ ಸಾಲಿನಲ್ಲಿ ಅಮ್ಮ ಸೌಟು ಹಿಡಿದೇ ಹೊರಗೋಡಿ ಬಂದು ಅವಳನ್ನು ತಬ್ಬಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನೊಯೆಮಿಯ ಕಣ್ಣು ತುಂಬಿತು. ಇಷ್ಟು ವರ್ಷದ ಮೆಟ್ಟಿಲು... ಕೊನೆಗೂ!

ಆಗ ಟೆಸ್ಸಾ ಪಕ್ಕಕ್ಕೆ ಬಂದು ನಿಟ್ಟುಸಿರು ಬಿಟ್ಟಳು. "ಎಷ್ಟು ಅದೃಷ್ಟ ಕಣೇ ನಿಂದು! ಹುಡುಗ ಅಂದ್ರೆ ಹಂಗಿರ್ಬೇಕು!"

"ಯಾವ ಹುಡುಗ?"

"ನಾಟಕ ಮಾಡ್ಬೇಡ. ಎಮಿಲ್! ನೀನು ಬ್ಯಾಂಡ್ ಬಿಟ್ಟೆ, ಅವನು ಬಿಡ್ಲಿಲ್ಲ. ಬಿಟ್ಟಿದ್ರೆ ಕಣ್ಮುಚ್ಕೊಂಡು ಅವನೇ ಫಸ್ಟ್ ಬರ್ತಿದ್ದ. ನಿಂಗೋಸ್ಕರ ಸೋತ! ಇಡೀ ಸ್ಕೂಲೇ ಮಾತಾಡ್ತಿದೆ."

ನೊಯೆಮಿಯ ಕೈಯಲ್ಲಿದ್ದ ತಟ್ಟೆ ಭಾರವಾಯಿತು.

'ಬಿಟ್ಟುಕೊಟ್ಟನೇ? ಹಾಗಾದರೆ ಇದು ನಾನು ಹತ್ತಿದ ಮೆಟ್ಟಿಲಲ್ಲ... ಅವನು ಎತ್ತಿ ಕೂರಿಸಿದ್ದು!'

*

ಬೇಕರಿಯ ಗಂಟೆ ಕಿಣಿಕಿಣಿಸುವಷ್ಟು ಜೋರಾಗಿ ಅವಳು ಬಾಗಿಲು ತಳ್ಳಿದಳು. ಎಮಿಲ್ ಹಿಟ್ಟಿನ ಕೈಯಲ್ಲೇ ತಲೆ ಎತ್ತಿದ.

"ಕಂಗ್ರಾಜುಲೇಶನ್ಸ್," ಎಂದ ಮೆಲ್ಲಗೆ.

"ನಿನ್ನ ದಾನ ನಂಗೆ ಬೇಡ!"

"ಏನ್ ದಾನ?"

"ಬ್ಯಾಂಡಲ್ಲೇ ಉಳ್ಕೊಂಡು ನನ್ನನ್ನ ಮುಂದೆ ಬಿಟ್ಯಲ್ಲ, ಅದು! ಪಾಪದ ಹುಡುಗಿ, ಅವರಪ್ಪ ಕುರ್ಚೀಲಿ ಕೂರ್ಲಿ ಅಂತ ಕನಿಕರ ಬಂತಾ? ಅದನ್ನ ನಿಂಗೆ ಹೇಳಿದ್ದೇ ನನ್ನ ತಪ್ಪು!"

ಅವನ ಮುಖ ಬಿಳುಚಿತು. ಕೈಯ ಹಿಟ್ಟನ್ನು ನಿಧಾನಕ್ಕೆ ಬಟ್ಟೆಗೆ ಒರೆಸಿದ.

"ನಾನು ಟ್ಯೂಬಾ ಬಿಡ್ಲಿಲ್ಲ, ಅಷ್ಟೇ. ಎಲ್ಲರ ಹಾಗೆ ಇವನೂ ಬಿಡ್ತಾನೆ ಅಂದ್ಕೊಂಡಿದ್ದು ನೀನು."

"ಸುಳ್ಳು!"

"ನೊಯೆಮಿ..." ಅವನ ದನಿ ಒಡೆಯಿತು. "ಒಬ್ಬ ಹುಡುಗ ನಿನ್ನೊಬ್ಬಳನ್ನ ಬಿಟ್ಟು ಬೇರೆ ಏನನ್ನೂ ಪ್ರೀತಿಸ್ಬಾರದಾ?"

ಸಿಟ್ಟಿನಲ್ಲಿದ್ದವಳಿಗೆ ಆ ಮಾತಿನ ಅರ್ಧ ಮಾತ್ರ ಕೇಳಿಸಿತು. ಇನ್ನರ್ಧ ಹೊಳೆದದ್ದು ರಸ್ತೆ ದಾಟಿದ ಮೇಲೆ. ನಡುರಸ್ತೆಯಲ್ಲೇ ನಿಂತುಬಿಟ್ಟಳು. 'ನಿನ್ನೊಬ್ಬಳನ್ನ ಬಿಟ್ಟು... ಅಂದನೇ?' ಹಿಂದಿನಿಂದ ಬಂದ ಟ್ರಾಕ್ಟರಿನವನು ಹಾರ್ನ್ ಹೊಡೆದ.

ಮರುದಿನ ಅವಳು ಮಿಸೆಸ್ ಟಿಡ್ವೆಲ್ ಎದುರು ಕೂತಿದ್ದಳು.

"ಮೊದಲ ಸ್ಥಾನ ನಂಗೆ ಬೇಡ ಮೇಡಂ. ಅದು ನಂದಲ್ಲ. ಎಮಿಲ್ ಬೇಕಂತಾನೇ ಬಿಟ್ಟುಕೊಟ್ಟ."

ಮಿಸೆಸ್ ಟಿಡ್ವೆಲ್ ಕನ್ನಡಕ ತೆಗೆದರು. "ಬೇಡ ಅಂದ್ರೆ ವಾಪಸ್ ಕೊಡೋಕೆ ಇದೇನು ಅಂಗಡಿ ಸಾಮಾನಾ ಪುಟ್ಟಾ? ಅಂಕ ಅಂಕವೇ. ಮತ್ತೆ... ಇದನ್ನ ನಾನು ಹೇಳಬಾರದು. ಆದ್ರೆ ಆ ಹುಡುಗ ನೀನಂದ್ಕೊಂಡಷ್ಟು ಸಂತನಲ್ಲ."

"ಅಂದ್ರೆ?"

"ನೀನು ಬ್ಯಾಂಡ್ ಬಿಟ್ಟ ಮುಂದಿನ ವಾರಾನೇ ಬಂದ. ಸಿಟ್ಟಲ್ಲಿ ಕುದೀತಿದ್ದ. 'ನನ್ನನ್ನೂ ಅದೇ ಕ್ಲಾಸಿಗೆ ಹಾಕಿ, ಅವಳನ್ನ ಸೋಲಿಸ್ಬೇಕು' ಅಂದ. ನಾನೇ ಬದಲಾಯಿಸಿಕೊಟ್ಟೆ. ಮಾರನೇ ದಿನ ಆ ಕ್ಲಾಸಿಗೆ ಅಂತ ಹೋದೋನು, ಆಗಿಂದಾಗ್ಲೇ ಓಡಿ ಬಂದ. 'ಬೇಡ ಮೇಡಂ, ಬ್ಯಾಂಡಿಗೇ ಹಾಕಿ' ಅಂದ. ಯಾಕೋ ಅಂತ ಕೇಳ್ದೆ. ಬಾಯಿ ಬಿಡ್ಲಿಲ್ಲ."

ನೊಯೆಮಿಯ ತಲೆ ತಿರುಗಿತು. ಅವಳನ್ನು ಸೋಲಿಸಲೆಂದೇ ಬಂದವನು ಅವಳ ಕ್ಲಾಸಿನ ಬಾಗಿಲ ತನಕ ಬಂದು ಹಿಂದಿರುಗಿದ್ದ. ಯಾಕೆ? ಕನಿಕರವೇ? ಹಾಗಾದರೆ ಟೆಸ್ಸಾ ಹೇಳಿದ್ದೇ ನಿಜವೇ? ಅವನನ್ನೇ ಕೇಳಬೇಕು. ಆದರೆ ಅಷ್ಟು ಮಾತಾಡಿ ಬಂದ ಮೇಲೆ ಯಾವ ಮುಖದಲ್ಲಿ ಕೇಳುವುದು?

ಮನೆಗೆ ಬಂದಾಗ ಅಪ್ಪ ಅಡುಗೆಮನೆಯಲ್ಲಿ ಹೊಸ ಬಿಳಿ ಅಂಗಿ ತೊಟ್ಟು, ಕುರ್ಚಿಯ ಮೇಲೆ ಸೆಟೆದು ಕೂತಿದ್ದ. ಮುಂದೆ ಯಾರೂ ಇಲ್ಲ.

"ಅಪ್ಪಾ, ಏನ್ ಮಾಡ್ತಿದೀಯ?"

"ಅಭ್ಯಾಸ," ಎಂದ ಗಂಭೀರವಾಗಿ. "ಎಲ್ಲರ ಮುಂದೆ ಅಷ್ಟು ಹೊತ್ತು ಹೇಗೆ ಕೂರೋದು ಅಂತ. ಹ್ಯಾಟ್ ತೆಗೀಬೇಕಾ ಮಗಾ?"

ಅವಳು ಅವನ ಎದುರು ಕುಸಿದು ಕೂತಳು. "ಅಪ್ಪಾ... ಈ ಸ್ಥಾನ ಯಾರೋ ನಂಗೆ ಬಿಟ್ಟುಕೊಟ್ಟಿದ್ದು ಅಂತಾಗಿದ್ರೆ?"

ರೊಗೆಲಿಯೊ ಯೋಚಿಸಿದ. ಆಮೇಲೆ, ಮುಖದಲ್ಲಿ ಸಣ್ಣದೊಂದು ಆಸೆ ಮೂಡಿತು. "ಹಾಗಿದ್ರೆ... ನಾನು ಪಿಕಪ್ಪಲ್ಲೇ ಇರ್ಬಹುದಾ?"

ನೊಯೆಮಿ ನಕ್ಕಳು. ನಗುತ್ತಾ ನಗುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಗಾಬರಿಯಾಗಿ ಎದ್ದು ನಿಂತ.

"ಇಲ್ಲಪ್ಪಾ. ಇರೋಕಾಗಲ್ಲ. ನೀನು ಬರ್ಬೇಕು."

"ಆಯ್ತು, ಆಯ್ತು. ಬರ್ತೀನಿ. ಅಳ್ಬೇಡ. ಹ್ಯಾಟ್ ಕೂಡ ತೆಗೀತೀನಿ."

ಅಳು ನಿಂತ ಮೇಲೆ ಅವಳು ಯೋಚಿಸಿದಳು. ಆ ಪರೀಕ್ಷೆಗಳನ್ನೆಲ್ಲ ಬರೆದದ್ದು ತಾನೇ. ಆ ಕೆರೆಗಳ ಪಟ್ಟಿ ಬಾಯಿಪಾಠ ಮಾಡಿದ್ದು ತಾನೇ. ಕ್ಲಾರಿನೆಟ್ ಬಿಟ್ಟದ್ದೂ ತಾನೇ. ಮತ್ತೆ, ಗೆಳೆಯನಿಗೆ ಹೇಳದೇ ಹೋದದ್ದು... ಅದೂ ತಾನೇ. ಒಂದನ್ನು ತನ್ನದೆಂದು ಇಟ್ಟುಕೊಂಡರೆ ಇನ್ನೊಂದನ್ನೂ ತನ್ನದೆನ್ನಬೇಕು.

*

ಮೇ ತಿಂಗಳ ಆ ಸಂಜೆ ಮೈದಾನ ತುಂಬಿತ್ತು. ನೀಲಿ ನಿಲುವಂಗಿಯ ಮಕ್ಕಳು, ಬೀಸಣಿಗೆ ಬೀಸುವ ಅಜ್ಜಿಯರು. ಎರಡನೆಯವನಾದ ಎಮಿಲ್ ಸ್ವಾಗತ ಕೋರಿದ. ಚಿಕ್ಕ ಮಾತು, ಎರಡು ಜೋಕು, ದೊಡ್ಡ ನಗೆ. ಅವಳ ಕಡೆ ನೋಡಲಿಲ್ಲ.

ಕೊನೆಗೆ ನೊಯೆಮಿಯ ಹೆಸರು ಕೂಗಿದರು.

ಹುಲ್ಲಿನ ಮೇಲೆ, ಮುಂದಿನ ಸಾಲಿನಲ್ಲಿ, ಅಪ್ಪ ಕೂತಿದ್ದ! ಹ್ಯಾಟ್ ಮೊಣಕಾಲ ಮೇಲೆ. ಅಮ್ಮ ಅವನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು, ಎದ್ದು ಓಡಿಹೋಗದ ಹಾಗೆ.

ನೊಯೆಮಿ ಅಪ್ಪ ಅಮ್ಮನಿಗೆ, ಗುರುಗಳಿಗೆ ವಂದನೆ ಹೇಳಿದಳು. ಆಮೇಲೆ ಮುಂದುವರಿಸಿದಳು.

"ನಾನು ಫಸ್ಟ್ ಬರ್ಬೇಕು ಅಂತ ಕ್ಲಾರಿನೆಟ್ ಬಿಟ್ಟೆ. ನಮ್ಮ ಸ್ಕೂಲಲ್ಲಿ ತುಂಬಾ ಜನ ಹೀಗೆ ಏನಾದ್ರೂ ಬಿಟ್ಟಿದ್ದಾರೆ. ಫಸ್ಟ್ ಬಂದಿದ್ದಕ್ಕೆ ನಂಗೆ ನಾಚಿಕೆ ಇಲ್ಲ, ತುಂಬಾ ಕಷ್ಟಪಟ್ಟಿದೀನಿ. ಆದ್ರೆ ಬಿಡ್ತೀನಿ ಅಂತ ನನ್ನ ಪಕ್ಕದಲ್ಲಿ ನಿಲ್ಲೋನಿಗೆ ಹೇಳ್ಲಿಲ್ಲ. ಹೇಳಿದ್ರೆ ಅವನು ನನ್ನ ಮುಂದೆ ಹೋಗ್ತಾನೆ ಅಂತ ಹೆದ್ರಿದ್ದೆ. ಅದಕ್ಕೆ ನಾಚಿಕೆ ಇದೆ. ಮುಂದೆ ಏನು ಬಿಟ್ರೂ, ಪಕ್ಕದಲ್ಲಿರೋರಿಗೆ ಹೇಳಿ ಬಿಡೋಣ... ಅಷ್ಟೇ ನಾನು ಕಲ್ತಿದ್ದು."

ಮೈದಾನದ ತುಂಬ ಚಪ್ಪಾಳೆ. ಮೊದಲು ಎದ್ದು ನಿಂತವರು ಬ್ಯಾಂಡಿನ ಮಕ್ಕಳು.

ಎಲ್ಲ ಮುಗಿದು, ಟೋಪಿಗಳೆಲ್ಲ ಹಾರಿ, ಜನ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ, ಮಡಚಿಟ್ಟ ಕುರ್ಚಿಗಳ ರಾಶಿಯ ಹತ್ತಿರ ಎಮಿಲ್ ಒಬ್ಬನೇ ನಿಂತಿದ್ದ. ನೊಯೆಮಿ ನಿಲುವಂಗಿ ಎತ್ತಿಕೊಂಡು ಅವನ ಬಳಿ ನಡೆದಳು. ಎದೆ ಡವಡವ...

"ಊರ ಮುಂದೆ ಬೈಸ್ಕೊಂಡ್ಯಲ್ಲೇ," ಎಂದ ಅವನು.

"ನಾನೇ ನನ್ನನ್ನ ಬೈಕೊಂಡೆ."

"ಚೆನ್ನಾಗಿ ಬೈದೆ. ನಾನಿಷ್ಟು ಚೆನ್ನಾಗಿ ಬೈತಿರ್ಲಿಲ್ಲ."

ಇಬ್ಬರೂ ನಕ್ಕರು. ಎಷ್ಟೋ ತಿಂಗಳ ನಂತರದ ನಗು.

"ಎಮಿಲ್, ಮಿಸೆಸ್ ಟಿಡ್ವೆಲ್ ಹೇಳಿದ್ರು. ನೀನು ನನ್ನ ಕ್ಲಾಸಿನ ಬಾಗಿಲ ತನಕ ಬಂದಿದ್ಯಂತೆ."

ಅವನು ತಲೆ ತಗ್ಗಿಸಿದ. "ಸಿಟ್ಟು ಬಂದಿತ್ತು. ನೀನು ಲೆಕ್ಕ ಹಾಕಿದ್ರೆ ನಾನೂ ಹಾಕ್ತೀನಿ ಅಂತ ಬಂದೆ. ಬೇಕರೀಲಿ ಇದನ್ನ ಹೇಳ್ಲಿಲ್ಲ. ಅದು ನನ್ನ ತಪ್ಪು."

"ಮತ್ತೆ ಯಾಕೆ ಒಳಗೆ ಬರ್ಲಿಲ್ಲ? ನಿಜ ಹೇಳು. ಕನಿಕರ ಆಗಿದ್ರೂ ಪರವಾಗಿಲ್ಲ. ನಿಜ ಬೇಕು."

ಎಮಿಲ್ ತಲೆ ಎತ್ತಿದ.

"ಬಾಗಿಲ ಗಾಜಿನಲ್ಲಿ ನೀನು ಕಾಣಿಸ್ದೆ. ತಲೆ ಬಗ್ಗಿಸಿ ಏನೋ ಬರೀತಿದ್ದೆ. ಬೆರಳು ಮಾತ್ರ ಮೇಜಿನ ಮೇಲೆ ಕ್ಲಾರಿನೆಟ್ ನುಡಿಸ್ತಿತ್ತು. ಅದೇ ಹೊತ್ತಿಗೆ ಆ ಕಡೆ ಕೋಣೇಲಿ ಶ್ರುತಿ ಮಾಡೋಕೆ ಶುರುಮಾಡಿದ್ರು. ಮೊದಲ ಸ್ವರ ಟ್ಯೂಬಾದು. ಟ್ಯೂಬಾ ಹಿಡಿದ ಸ್ವರಕ್ಕೇ ಉಳಿದೋರೆಲ್ಲ ಸೇರ್ಕೋಬೇಕು. ನನ್ನ ಜಾಗದಲ್ಲಿ ಯಾರೋ ಊದಿದ್ರು... ಅಪಸ್ವರ! ಇಡೀ ಬ್ಯಾಂಡು ಆ ಅಪಸ್ವರಕ್ಕೇ ಸೇರ್ಕೊಳ್ತಿತ್ತು. ತಿರುಗಿ ಓಡ್ದೆ."

"ಹಾಗಾದ್ರೆ ಟ್ಯೂಬಾಗೋಸ್ಕರ."

"ಹೌದು."

"ನಂಗೋಸ್ಕರ ಅಲ್ಲ."

"ಹಾಗಂತ ಹೇಗೆ ಹೇಳ್ಲಿ?" ಅವನ ಕಣ್ಣು ಒದ್ದೆಯಾಗಿತ್ತು. "ನಿನ್ನ ಬೆರಳು ಕಂಡಿದ್ದು, ಆ ಸ್ವರ ಕೇಳಿದ್ದು, ಎರಡೂ ಒಂದೇ ಗಳಿಗೇಲಿ. ಯಾವುದು ನನ್ನ ತಿರುಗಿಸ್ತು ಅಂತ ಎಷ್ಟು ಸಲ ಯೋಚ್ನೆ ಮಾಡಿದೀನಿ ಗೊತ್ತಾ? ಬೇರೆ ಮಾಡೋಕೇ ಆಗಿಲ್ಲ. ನಂಗೆ ನೀನಂದ್ರೆ ಇಷ್ಟ ನೊಯೆಮಿ. ಡಾಂಬರಿನ ಮೇಲೆ ಬೈದ ದಿನದಿಂದ. ಆದ್ರೆ ನಿಂಗೆ ಗೆಲುವು ದಾನ ಮಾಡ್ದೆ ಅಂತ ಹೇಳಿ ದೊಡ್ಡೋನಾಗೋಕೆ ನಂಗಿಷ್ಟ ಇಲ್ಲ. ಯಾಕಂದ್ರೆ ಅದು ನಿಜಾನೋ ಅಲ್ವೋ, ನಂಗೇ ಗೊತ್ತಿಲ್ಲ."

ಟೆಸ್ಸಾ ಹೇಳಿದ ಸಿಹಿಯಾದ ಕಥೆಗಿಂತ ಈ ಅರ್ಧ ಉತ್ತರ ಎಷ್ಟು ಹಗುರ! ಎಷ್ಟು ಗೌರವ!

"ನಂಗೂ ನೀನಂದ್ರೆ ಇಷ್ಟ," ಎಂದಳು. ಹೇಳಿದ ಮೇಲೆ ಅವಳಿಗೆ ತಿಳಿಯಿತು, ಇಷ್ಟು ದಿನ ತಾನು ಉಸಿರು ಹಿಡಿದೇ ಬದುಕಿದ್ದೆನೆಂದು. "ನೀನು ಅವತ್ತು ಒಳಗೆ ಬಂದಿದ್ರೆ ನನ್ನನ್ನ ಸೋಲಿಸ್ತಿದ್ಯಾ?"

"ಸೋಲಿಸ್ತಿದ್ನೇನೋ. ಇಲ್ಲದೇನೂ ಇರ್ಬಹುದು. ನೀನು ರಾಕ್ಷಸಿ ಥರ ಓದ್ತೀಯ."

"ಅಂದ್ರೆ ಇದು ನಂದೋ ಅಲ್ವೋ ಅಂತ ಗೊತ್ತಿಲ್ಲದೇನೇ ನಾನು ಬಾಳ್ಬೇಕಾ?"

ಎಮಿಲ್ ಮೆಲ್ಲಗೆ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಒಬ್ಬಳೇ ಬಾಳ್ಬೇಕು ಅಂತೇನಿಲ್ವಲ್ಲ. ನಾನೂ ಗೊತ್ತಿಲ್ಲದೇನೇ ಇರ್ತೀನಿ... ನಿನ್ನ ಜೊತೆ."

"ನಿಜವಾಗ್ಲೂ?"

"ಇದೊಂದು ಮಾತ್ರ ಗೊತ್ತು."

ಆಗಸ್ಟಿನಲ್ಲಿ ಇಬ್ಬರೂ ಬೇರೆ ಬೇರೆ ಊರಿನ ಕಾಲೇಜುಗಳಿಗೆ ಹೊರಟರು. ರಜೆಯಲ್ಲಿ ಒಟ್ಟಿಗೆ ಕಾಣಿಸುತ್ತಾರೆ, ಒಟ್ಟಿಗೆ ನಗುತ್ತಾರೆ, ಜಗಳವನ್ನೂ ಆಡುತ್ತಾರೆ. ಮುಂದೆ ಏನಾಗುತ್ತದೋ ನನಗೆ ತಿಳಿಯದು. ಆ ದಿನ ಎಮಿಲ್ ಬಾಗಿಲು ತೆರೆದು ಒಳಗೆ ಹೋಗಿದ್ದರೆ ಮೊದಲ ಸ್ಥಾನ ಯಾರದಾಗುತ್ತಿತ್ತು ಎಂದು ಊರಿನವರು ಈಗಲೂ ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿಲ್ಲ.